ಪಂಪು ಸಣ್ಣದು, ಲೆಕ್ಕ ದೊಡ್ಡದು

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)





ಮಣ್ಣಿಲ್ಲದೆ, ಪೈಪಿನಲ್ಲಿ ಗೊಬ್ಬರದ ನೀರು ಹರಿಸಿ ಪಾಲಕ್, ಪುದೀನ ಬೆಳೆಯುವುದಕ್ಕೆ ಹೈಡ್ರೋಪೋನಿಕ್ಸ್ ಅಂತಾರೆ. "ಸಂಘದ ಸಾಲ ತಗೊಂಡು ಇದನ್ನು ಮಾಡಬಹುದಾ?" ಎಂದು ಕೆಲವರು ಕೇಳಿದಿರಿ. ಸಿರುಗುಪ್ಪ, ಕುರುಗೋಡಿನ ಕಡೆ ಹಿತ್ತಲು ಇದ್ದವರು ಮಣ್ಣಲ್ಲೇ ಬೆಳೀರಿ, ಅದೇ ಅಗ್ಗ. ಬಳ್ಳಾರಿ ನಗರದಲ್ಲಿ ಬರೀ ಮಾಳಿಗೆ ಇರುವವರು ಮಾಡಿ ನೋಡಬಹುದು. ಆದರೆ ಪಂಪು ನೋಡಿ ಆರಿಸಬೇಕು. ಅದು ಕೈಕೊಟ್ಟರೆ ಏಪ್ರಿಲ್-ಮೇ ಬಿಸಿಲಿಗೆ ಬೇರು ಒಣಗಲು ಒಂದು ಮಧ್ಯಾಹ್ನ ಸಾಕು. ಬೆಳೆ ಹೋಗುತ್ತೆ, ಸಾಲದ ಕಂತು ಮಾತ್ರ ಉಳಿಯುತ್ತೆ.

ಮೊದಲನೆಯದು, ಎತ್ತರ. ಪಂಪಿನ ಡಬ್ಬಿ ಮೇಲೆ "6 ಅಡಿ" ಅಂತ ಇದ್ದರೆ, ಆರು ಅಡಿಗೆ ನೀರು ಧಾರೆಯಾಗಿ ಬೀಳುತ್ತೆ ಅಂತಲ್ಲ. ಅಲ್ಲಿಗೆ ಧಾರೆ ನಿಂತೇ ಹೋಗಿರುತ್ತೆ. ನಿಮ್ಮ ಪೈಪು ಮೂರು ಅಡಿ ಎತ್ತರದಲ್ಲಿದ್ದರೆ ಆರು ಅಡಿಯ ಪಂಪು ತಗೊಳ್ಳಿ.

ಎರಡನೆಯದು, ನೀರಿನ ಪ್ರಮಾಣ. ಒಂದೊಂದು ಪೈಪಿಗೂ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ಬೇಕು. ನಾಲ್ಕು ಪೈಪಿಗೆ ಕಡಿಮೆಯೆಂದರೂ ನಾಲ್ಕು ಲೀಟರ್. ಇದನ್ನು ಮನೆಯಲ್ಲೇ ಅಳೀಬಹುದು. ಪೈಪಿನಷ್ಟೇ ಎತ್ತರದಲ್ಲಿ 10 ಲೀಟರ್ ಬಕೆಟ್ ಇಟ್ಟು ಪಂಪು ಹಚ್ಚಿರಿ. ಎರಡೂವರೆ ನಿಮಿಷದೊಳಗೆ ತುಂಬಿದರೆ ಸಾಕು. ಐದು ನಿಮಿಷ ಹಿಡಿದರೆ ಆ ಪಂಪು ಬೇಡ.

ಮೂರನೆಯದು, ಕರೆಂಟು. ನಮ್ಮೂರಲ್ಲಿ ಏರ್ ಕೂಲರ್ ಪಂಪು ಎಲ್ಲ ಕಡೆ ಸಿಗುತ್ತೆ. ಸಣ್ಣ ಸಾಲಿಗೆ 18 ವ್ಯಾಟಿನದೇ ಸಾಕಾಗಬಹುದು. ಹಗಲು-ರಾತ್ರಿ ಓಡಿಸಿದರೂ ತಿಂಗಳಿಗೆ ಸುಮಾರು 13 ಯೂನಿಟ್. 40 ವ್ಯಾಟಿನದು 29 ಯೂನಿಟ್. ಟ್ಯಾಂಕಿಗೆ ನೀರೇರಿಸುವ ಅರ್ಧ ಎಚ್.ಪಿ. ಮೋಟಾರನ್ನು ಹೀಗೆ ಓಡಿಸಿದರೆ ಒಂದೇ ದಿನಕ್ಕೆ 9 ಯೂನಿಟ್! ಗೃಹಜ್ಯೋತಿ ಇದ್ದವರೂ ನೆನಪಿಡಿ, ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ದಾಟಿದರೆ ದುಡ್ಡು ಕಟ್ಟಬೇಕು.

ಕರೆಂಟು ಹೋದರೆ? ಪೈಪಿನಿಂದ ನೀರು ಹೊರಹೋಗುವ ತೂತನ್ನು ತಳದಲ್ಲಿ ಮಾಡದೆ ಒಂದು ಅಂಗುಲ ಮೇಲೆ ಮಾಡಿಸಿ. ಪಂಪು ನಿಂತರೂ ಬೇರಿನ ತುದಿ ನೀರಲ್ಲಿರುತ್ತೆ. ನೀರಿನ ಡಬ್ಬಕ್ಕೆ ನೆರಳು ಇರಲಿ. ನೀರು ಬಿಸಿಯಾದರೆ ಅದರಲ್ಲಿ ಗಾಳಿ ಕಡಿಮೆಯಾಗಿ ಬೇರು ಕೊಳೆಯುತ್ತೆ.

ಬೋರಿನ ಸವಳು ನೀರಾದರೆ ಪಂಪಿನ ಚಕ್ರಕ್ಕೆ ಬಿಳಿ ಪದರು ಕಟ್ಟುತ್ತೆ. ತಿಂಗಳಿಗೊಮ್ಮೆ ಬಿಚ್ಚಿ ತೊಳೀರಿ. ಕಾಲುವೆ ನೀರಾದರೆ ಕೆಸರು ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಹಾಕಿ. ನೀರಿಲ್ಲದೆ ಪಂಪು ಓಡಿಸಬೇಡಿ, ಸುಟ್ಟು ಹೋಗುತ್ತೆ.

ಕೊನೆಯ ಮಾತು, ಜೀವದ ಮಾತು. ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ, ಮಕ್ಕಳಿಗೂ ಹೇಳಿ. ಅರ್ಥಿಂಗ್ ಇರುವ ಸಾಕೆಟ್ಟೇ ಬೇಕು. ಅದು ನೀರಿಗಿಂತ ಮೇಲಿರಲಿ. ವೈರಿಗೆ ಜೋಡು ಹಾಕಿ ನೀರಿನೊಳಗೆ ಬಿಡಬೇಡಿ.

ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚು ಎಣಿಸುವ ಮಾತು ಶುಭಸಂದೇಶದಲ್ಲಿದೆ. ನಾವೂ ಹಾಗೇ ಮಾಡೋಣ. ಮೊದಲು ಒಂದು ಮನೆಯಲ್ಲಿ, ನಾಲ್ಕೇ ಪೈಪಿನಲ್ಲಿ, ಒಂದು ಬೇಸಿಗೆ ನೋಡೋಣ. ಖರ್ಚು, ಸೊಪ್ಪು ಎರಡನ್ನೂ ಸಂಘದ ಪುಸ್ತಕದಲ್ಲಿ ಬರೆದಿಡೋಣ. ಸಾಲದ ಮಾತು ಆಮೇಲೆ.