ಗುತ್ತಿನ ಮನೆಯೂ ನಮ್ಮ ಶಾಲೆಯೂ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ತುಳುನಾಡಿನ ಬಂಟರ ಗುತ್ತಿನ ಮನೆಗಳು. ನಾನು ಇತಿಹಾಸ ಓದಿದವನಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ನನ್ನ ತಾಯಿಯ ಮನೆ ಈ ಊರಿನ ಒಂದು ಗುತ್ತು. ಇದೇ ಶಾಲೆಯಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲಿ ಕುಳಿತವನ ಅಜ್ಜ ಆ ಮನೆಯ ಗೇಣಿದಾರರು. ಹಾಗಾಗಿ ಈ ಕಥೆಯನ್ನು ಎರಡೂ ಕಡೆಯಿಂದ ಕೇಳಿಕೊಂಡು ಬೆಳೆದಿದ್ದೇನೆ. ಆ ಧೈರ್ಯದಿಂದ ನಾಲ್ಕು ಮಾತು ಹೇಳುತ್ತೇನೆ.

ಗುತ್ತು ಎಂದರೆ ದೊಡ್ಡ ಮನೆ ಎಂದು ಇವತ್ತಿನ ಮಕ್ಕಳು ತಿಳಿದಿದ್ದಾರೆ. ನಾಲ್ಕು ಸುತ್ತಿನ ಮನೆ, ನಡುವೆ ಅಂಗಳ, ಕೆತ್ತನೆಯ ಕಂಬಗಳ ಚಾವಡಿ, ಭತ್ತ ತುಂಬುವ ಪತ್ತಾಯ, ಇವೆಲ್ಲ ಇದ್ದದ್ದು ಹೌದು. ಆದರೆ ಗುತ್ತು ಎಂಬುದು ಮೊದಲಾಗಿ ಒಂದು ಸ್ಥಾನ. ಊರಿನ ದೈವದ ನೇಮ ನಡೆಯಬೇಕಾದರೆ ಗುತ್ತಿನವರು ಮುಂದೆ ನಿಲ್ಲಬೇಕು. ದೈವ ನುಡಿ ಕೊಡುವಾಗ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆಯುತ್ತದೆ. ಊರಿನ ಜಗಳ, ಗಡಿ ತಕರಾರು, ಗಂಡ ಹೆಂಡಿರ ಮನಸ್ತಾಪ ಎಲ್ಲ ಚಾವಡಿಗೆ ಬರುತ್ತಿತ್ತು. ಮನೆಯ ಮುಂದಿನ ದೊಡ್ಡ ಗದ್ದೆಯಲ್ಲಿ ಕಂಬಳ, ಪೂಕರೆ ನಡೆಯುತ್ತಿತ್ತು. ಯಜಮಾನನಾಗುವವನು ದೈವದ ಎದುರು ಗಡಿ ಹಿಡಿದು ಜವಾಬ್ದಾರಿ ಹೊರಬೇಕಿತ್ತು. ಗುತ್ತುಗಳು ಬಂಟರದ್ದು ಮಾತ್ರ ಅಲ್ಲ, ಜೈನರ ಬೀಡುಗಳುಂಟು, ಬಿಲ್ಲವರ ಗುತ್ತು ಬರ್ಕೆಗಳೂ ಉಂಟು. ನನಗೆ ಗೊತ್ತಿರುವುದು ಬಂಟರ ಮನೆ, ಅದರ ಬಗ್ಗೆ ಹೇಳುತ್ತಿದ್ದೇನೆ.

ಈ ಮನೆಗಳ ವಿಶೇಷ ಅಳಿಯಸಂತಾನ ಕಟ್ಟು. ಆಸ್ತಿ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ತಾಯಿಯ ಸಂತತಿಯಲ್ಲಿ ಇಳಿಯುತ್ತದೆ. ಇದರ ಹಿಂದೆ ಭೂತಾಳ ಪಾಂಡ್ಯನ ಐತಿಹ್ಯ ಉಂಟು. ಕುಂಡೋದರ ಎಂಬ ಭೂತ ನರಬಲಿ ಕೇಳಿತಂತೆ. ರಾಜನ ಹೆಂಡತಿ ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ರಾಜ್ಯ ಅಳಿಯನಿಗೆ ಹೋಯಿತು ಎಂದು ಹಿರಿಯರು ಹೇಳುತ್ತಾರೆ. ಕಥೆ ಕಥೆಯೇ ಇರಲಿ, ಕಟ್ಟು ಮಾತ್ರ ನಿಜವಾಗಿ ನಡೆದುಕೊಂಡು ಬಂದದ್ದು. ಪ್ರತಿಯೊಬ್ಬರಿಗೂ ತಾಯಿಯಿಂದ ಬಂದ ಬಳಿ ಉಂಟು. ಒಂದೇ ಬಳಿಯವರು ಅಣ್ಣ ತಂಗಿಯರ ಹಾಗೆ, ಅವರಲ್ಲಿ ಮದುವೆ ಇಲ್ಲ. ಶೆಟ್ಟಿ, ರೈ, ಆಳ್ವ, ಹೆಗ್ಡೆ ಎಂಬ ಹೆಸರು ನೋಡಿದರೆ ಬಳಿ ಗೊತ್ತಾಗುವುದಿಲ್ಲ, ತಾಯಿಯನ್ನು ಕೇಳಬೇಕು.

ಕಳೆದ ವರ್ಷ ನಮ್ಮ ಕುಟುಂಬದ ವಂಶವೃಕ್ಷವನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ನೋಡಿದ ಸಾಫ್ಟ್‌ವೇರ್‌ಗಳು ಮೊದಲು ಕೇಳುವುದು ತಂದೆಯ ಹೆಸರು. ನಮ್ಮ ಹಳೆಯ ಭಾಗಪತ್ರದಲ್ಲಿ ಪ್ರತಿಯೊಂದು ಕವರು ಶುರುವಾಗುವುದು ಒಬ್ಬ ಹೆಂಗಸಿನ ಹೆಸರಿನಿಂದ. ಕೊನೆಗೆ ತಾಯಿಯನ್ನೇ ಬೇರಾಗಿ ಇಟ್ಟು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆಗ ಕಣ್ಣಿಗೆ ಕಂಡದ್ದು ಇದು: ಆ ಲೆಕ್ಕದಲ್ಲಿ ನನ್ನ ಅಕ್ಕನ ಮಕ್ಕಳು ನಮ್ಮ ಗುತ್ತಿನವರು, ನನ್ನ ಸ್ವಂತ ಮಕ್ಕಳು ಅಲ್ಲ. ಮನೆ ಆಳಿದ ಸೋದರಮಾವಂದಿರ ಹೆಸರಿನ ಕೆಳಗೆ ಗೆರೆ ನಿಂತುಬಿಡುತ್ತದೆ. ಜೀವಮಾನವಿಡೀ ಅಳಿಯಂದಿರ ಆಸ್ತಿ ಕಾದು, ಸ್ವಂತ ಮಕ್ಕಳನ್ನು ಹೆಂಡತಿಯ ಮನೆಯಲ್ಲಿ ಬೆಳೆಯಲು ಬಿಟ್ಟ ಯಜಮಾನರ ಮನಸ್ಸಿನಲ್ಲಿ ಏನಿತ್ತೋ! ಹಾಗೆಂದು ಹೆಂಗಸರು ಸ್ವತಂತ್ರರಾಗಿದ್ದರು ಎಂದೂ ಹೇಳಲಾಗದು. ಹಿರಿಯ ಹೆಂಗಸು ಯಜಮಾನ್ತಿಯಾಗಿ ಆಳಿದ ಮನೆಗಳುಂಟು. ಆದರೆ ಹೆಚ್ಚಿನ ಕಡೆ ಸಂತಾನ ಹೆಣ್ಣಿನದ್ದು, ಬೀಗದ ಕೈ ಸೋದರಮಾವನದ್ದು. ಆದರೂ ಗಂಡ ತೀರಿಹೋದ ಹೆಣ್ಣಿಗೆ, ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ ಹುಟ್ಟಿದ ಮನೆಯಲ್ಲಿ ಹಕ್ಕಿನ ಅನ್ನ ಇತ್ತು. ಅದು ಸಣ್ಣ ಮಾತಲ್ಲ.

ಈಗ ಆ ಅನ್ನ ಎಲ್ಲಿಂದ ಬಂತು ಎಂಬ ಪ್ರಶ್ನೆ. ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯ ಗದ್ದೆ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಗುತ್ತಿನವರು ಸ್ವಲ್ಪ ಭೂಮಿ ತಾವೇ ಮಾಡಿಸಿ, ಉಳಿದದ್ದನ್ನು ಗೇಣಿಗೆ ಕೊಡುತ್ತಿದ್ದರು. ಮೂಲಗೇಣಿಯವನಿಗೆ ಗೇಣಿ ಖಾಯಂ, ಭೂಮಿಯೂ ತಲೆಮಾರಿನಿಂದ ತಲೆಮಾರಿಗೆ ಖಾಯಂ. ಚಾಲಗೇಣಿಯವನಿಗೆ ಆ ಭದ್ರತೆ ಇರಲಿಲ್ಲ, ಧಣಿ ಬೇಡ ಎಂದರೆ ಏಳಬೇಕು. ಗೇಣಿ ಮುಡಿ ಲೆಕ್ಕ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲಿನಲ್ಲಿ ಉರುಟಾಗಿ ಕಟ್ಟಿದ ಅಕ್ಕಿಮುಡಿಯನ್ನು ಇಂದು ಮದುವೆ ಹಾಲಿನಲ್ಲಿ ಅಲಂಕಾರಕ್ಕೆ ಇಡುತ್ತೇವೆ. ನನ್ನ ಸಹಪಾಠಿಯ ಅಜ್ಜನಿಗೆ ಅದು ಅಲಂಕಾರ ಆಗಿರಲಿಲ್ಲ. ಮಳೆ ಕೈಕೊಟ್ಟ ವರ್ಷವೂ ಹೊತ್ತು ತಂದು ಚಾವಡಿಯಲ್ಲಿ ಇಳಿಸಬೇಕಾದ ಭಾರ ಅದು. ಅವರಿಗಿಂತಲೂ ಕೆಳಗೆ ಮೂಲದ ಆಳುಗಳು ಇದ್ದರು. ಅವರಿಗೆ ಗೇಣಿ ಚೀಟಿಯೂ ಇಲ್ಲ, ಚಾವಡಿ ಹತ್ತುವ ಹಕ್ಕೂ ಇಲ್ಲ. ಗುತ್ತಿನ ದೈವಕ್ಕೆ ಕೋಲ ಕಟ್ಟಿ ಜೀವ ಕೊಟ್ಟವರು ನಲಿಕೆ, ಪರವ, ಪಂಬದ ಸಮುದಾಯದವರು. ಗುತ್ತಿನ ವೈಭವ ಹೇಳುವಾಗ ಇವರನ್ನು ಬಿಟ್ಟರೆ ಅರ್ಧ ಕಥೆ ಹೇಳಿದಂತೆ.

ಬದಲಾವಣೆ ಒಂದೇ ದಿನ ಬರಲಿಲ್ಲ. ಬೆಳೆಗೆ ಬೆಲೆ ಕುಸಿದಿದ್ದ ಕಾಲದಲ್ಲಿ, 1931ರ ವಿಜಯದಶಮಿಯಂದು, ಎ.ಬಿ. ಶೆಟ್ಟಿ ಮತ್ತು ಇತರ ಬಂಟ ಮುಖಂಡರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಬರೀ ಭೂಮಿ ನಂಬಿ ಕುಳಿತರೆ ಆಗದು ಎಂದು ಆಗಲೇ ಕೆಲವರಿಗೆ ಹೊಳೆದಿತ್ತು. ಅದೇ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣವಾಗಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಮಕ್ಕಳಿಗೂ ಅಪ್ಪನ ಪಾಲಿನಲ್ಲಿ ಹಕ್ಕು ಬಂತು. ಕೂಡುಕುಟುಂಬ ಒಡೆಯಿತು. ಹುಡುಗರು ಬೊಂಬಾಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದರು.

ಕೊನೆಗೆ ಬಂದದ್ದು ಭೂಸುಧಾರಣೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿ ಭೂಮಿ ಸರಕಾರಕ್ಕೆ ಸೇರಿತು, ಉಳುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಪಡೆದರು. ನಮ್ಮ ಊರಿನ ಭಾಷೆಯಲ್ಲಿ ಅದು 'ಡಿಕ್ಲರೇಶನ್ ಹಾಕಿದ್ದು'. ನಿನ್ನೆಯವರೆಗೆ ಅಂಗಳದಲ್ಲಿ ಕೈಕಟ್ಟಿ ನಿಂತವರು ಮಂಡಳಿಯಲ್ಲಿ ಧಣಿಯ ಎದುರು ನಿಂತು 'ಈ ಗದ್ದೆ ನಾನು ಮಾಡಿದ್ದು' ಎಂದು ಹೇಳಬೇಕಾಯಿತು. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಎಂಬುದನ್ನು ನಾನು ನನ್ನ ಸಹಪಾಠಿಯ ಮನೆಯಲ್ಲಿ ಕೇಳಿದ್ದೇನೆ. ರಶೀದಿ ಇಲ್ಲದವರು ಸಾಕ್ಷಿಗಾಗಿ ಅಲೆದರು. ನನ್ನ ಅಜ್ಜಿಯ ಮನೆಯಲ್ಲಿ ಕೇಳಿದ್ದು ಇನ್ನೊಂದು. ಎರಡು ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲೇ ಬದುಕುತ್ತಿದ್ದ ವಿಧವೆಯರ ಭೂಮಿಯೂ ದೊಡ್ಡ ಧಣಿಗಳ ಭೂಮಿಯ ಜತೆಗೇ ಹೋಯಿತು. ಇನ್ನು ಮೂಲದ ಆಳುಗಳು ಗೇಣಿದಾರರೇ ಅಲ್ಲದ ಕಾರಣ ಅವರಿಗೆ ಗದ್ದೆ ಬರಲಿಲ್ಲ, ವಾಸದ ಮನೆಯಡಿಯ ಜಾಗಕ್ಕೆ ಮಾತ್ರ ಹಕ್ಕು ಸಿಕ್ಕಿತು. ಎಲ್ಲರ ಮಾತಿನಲ್ಲೂ ಸತ್ಯ ಉಂಟು. ಆದರೂ ತೂಗಿ ನೋಡಿದರೆ ಆ ಕಾಯ್ದೆ ಬಂದದ್ದು ನ್ಯಾಯವೇ ಎಂದು ಗುತ್ತಿನ ಮಗನಾಗಿ ನಾನು ಈ ವೇದಿಕೆಯಲ್ಲಿ ಹೇಳುತ್ತೇನೆ.

ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಈ ಹೈಸ್ಕೂಲು ಶುರುವಾಯಿತು. ಶಾಲೆಗೂ ಭೂಸುಧಾರಣೆಗೂ ಒಂದೇ ಪ್ರಾಯ. ಗೇಣಿಯ ಅಕ್ಕಿ ಮನೆಯಲ್ಲೇ ಉಳಿದದ್ದರಿಂದ ಎಷ್ಟೋ ಮಕ್ಕಳು ಎಂಟನೇ ತರಗತಿಯ ಮೆಟ್ಟಿಲು ಹತ್ತಿದರು. ಭೂಮಿ ಹೋದದ್ದರಿಂದ ಗುತ್ತಿನ ಮಕ್ಕಳಿಗೂ ಓದದೆ ಬೇರೆ ದಾರಿ ಉಳಿಯಲಿಲ್ಲ. ಚಾವಡಿಯ ಮೇಲೊಬ್ಬರು, ಅಂಗಳದಲ್ಲೊಬ್ಬರು ಇದ್ದ ಊರಿನಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ಕುಳಿತ ಮೊದಲ ಜಾಗ ಈ ಶಾಲೆಯ ಬೆಂಚು. ಬಿಸಿಯೂಟ ಬಂದ ಮೇಲೆ ಒಂದೇ ಸಾಲಿನಲ್ಲಿ ಊಟವೂ ಆಯಿತು.

ಈಗ ಇವತ್ತಿನ ಮಾತಿಗೆ ಬರುತ್ತೇನೆ. ಊರೂರಿನಲ್ಲಿ ಗುತ್ತಿನ ಮನೆಗಳು ಜೀರ್ಣೋದ್ಧಾರವಾಗುತ್ತಿವೆ. ಮುಂಬೈ, ಬೆಂಗಳೂರು, ದುಬೈಯಿಂದ ಹಣ ಬರುತ್ತದೆ. ಹೊಸ ಕಂಬ, ಹೊಸ ಹೆಂಚು, ಗಡಿ ಪ್ರದಾನ, ನೇಮ. ನನಗೂ ಸಂತೋಷವೇ, ನನ್ನ ಪಾಲಿನ ವಂತಿಗೆ ನಾನೂ ಕೊಟ್ಟಿದ್ದೇನೆ. ಆದರೆ ಒಂದು ಮಾತು ವಿಚಾರ ಮಾಡಬೇಕು. ಗುತ್ತಿಗೆ ಮರ್ಯಾದೆ ಬಂದದ್ದು ಊರಿನ ಹೊರೆ ಹೊತ್ತದ್ದರಿಂದ. ಹೊರೆ ಬಿಟ್ಟು ಮರ್ಯಾದೆ ಮಾತ್ರ ಇಟ್ಟುಕೊಂಡರೆ ಕೆತ್ತನೆಯ ಕಂಬ ಉಳಿಯುತ್ತದೆ, ಗುತ್ತು ಉಳಿಯುವುದಿಲ್ಲ. ಇವತ್ತು ಊರಿನ ಹೊರೆ ಯಾವುದು? ನನ್ನ ಲೆಕ್ಕದಲ್ಲಿ ಈ ಶಾಲೆ. ನಾವು ಓದುವಾಗ ತರಗತಿಯಲ್ಲಿ ಜಾಗ ಸಾಲದೆ ಇಕ್ಕಟ್ಟಿನಲ್ಲಿ ಕುಳಿತಿದ್ದೆವು. ಈಗ ಖಾಲಿ ಬೆಂಚುಗಳು ಎಷ್ಟಿವೆ ಎಂದು ಬೆಳಿಗ್ಗೆ ತರಗತಿ ನೋಡಿದವರಿಗೆ ಗೊತ್ತು.

ಅದಕ್ಕೆ ನನ್ನದು ಎರಡು ಬೇಡಿಕೆ. ಒಂದು, ನೇಮ ಮತ್ತು ಜೀರ್ಣೋದ್ಧಾರಕ್ಕೆ ಪ್ರತಿ ಕುಟುಂಬ ಎತ್ತುವ ವಂತಿಗೆಯಲ್ಲಿ ಒಂದು ಪಾಲು ಶಾಲೆಗೆ ಎಂದು ಮೊದಲೇ ತೆಗೆದಿಡಬೇಕು. ನಮ್ಮ ಕುಟುಂಬದ ಸಭೆಯಲ್ಲಿ ಈ ಮಾತು ಎತ್ತಿದ್ದೇನೆ, ಹಿರಿಯರು ಒಪ್ಪಿದ್ದಾರೆ. ಎರಡು, ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಾಗದ ಇದ್ದರೆ ಬಿಸಾಡಬೇಡಿ. ಗುತ್ತಿನವರ ಭಾಗಪತ್ರ, ಗೇಣಿದಾರರ ರಶೀದಿ, ಮಂಡಳಿಯ ಆದೇಶ ಯಾವುದೇ ಇರಲಿ, ಶಾಲೆಗೆ ತನ್ನಿ. ಸ್ಕ್ಯಾನ್ ಮಾಡಿ ಮೂಲಪ್ರತಿಯನ್ನು ಅವತ್ತೇ ವಾಪಸು ಕೊಡುತ್ತೇವೆ. ಕಾಗದವೇ ಇಲ್ಲದ ಮನೆಗಳಿಗೆ ಒಂಬತ್ತನೇ ತರಗತಿಯ ಮಕ್ಕಳು ಬಂದು ಅಜ್ಜ ಅಜ್ಜಿಯರ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ಅದಕ್ಕೆ ಬೇಕಾದ ಕಂಪ್ಯೂಟರ್ ಕೆಲಸ ನಾನು ಮತ್ತು ನನ್ನ ಆ ಸಹಪಾಠಿ ಸೇರಿ ಮಾಡಿಕೊಡುತ್ತೇವೆ. 1974ನ್ನು ಕಣ್ಣಾರೆ ಕಂಡವರಿಗೆ ಈಗ ಪ್ರಾಯ ಆಗಿದೆ. ಇನ್ನು ಹತ್ತು ವರ್ಷ ಕಾದರೆ ಕೇಳಲು ಜನ ಸಿಗುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಶಾಲೆಯ ಕಚೇರಿಯಲ್ಲಿ ಇರುತ್ತೇವೆ. ಕಾಗದ ಇದ್ದವರು ಕಾಗದ ಹಿಡಿದುಕೊಂಡು, ಇಲ್ಲದವರು ನೆನಪು ಹಿಡಿದುಕೊಂಡು ಬನ್ನಿ.