ವಿಜ್ಞಾನ ಮಂದಿರದ ಮೆಟ್ಟಿಲು

(ಗಿರಣಿ ಕಾರ್ಮಿಕರ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಬೋನಸ್ಸಿನ ವಿಷಯ ಮಾತನಾಡುವುದಿಲ್ಲ. ವಿಜ್ಞಾನ ಸಂಶೋಧನಾ ಸಂಸ್ಥೆಗಳಲ್ಲಿ ನಡೆಯುವ ಸಾರ್ವಜನಿಕ ಉಪನ್ಯಾಸಗಳನ್ನು ಕುರಿತು ಹೇಳಬೇಕೆಂದು ವಾಚನಾಲಯದವರ ಅಪ್ಪಣೆಯಾಗಿದೆ. ಕರಪತ್ರ ಕಂಡ ಮಿತ್ರರೊಬ್ಬರು, "ಮೇಷ್ಟ್ರೇ, ಅದು ಪದವೀಧರರ ಮಾತು, ನೂಲು ತೆಗೆಯುವವರಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದರು. ನಾನೂ ಪದವೀಧರನಲ್ಲ. ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದವನು. ಸಂಬಂಧ ಉಂಟೋ ಇಲ್ಲವೋ, ಕಥೆ ಕೇಳಿದ ಮೇಲೆ ತಾವೇ ಹೇಳಿ.

ಲಂಡನ್ ಪಟ್ಟಣದ ಆಲ್ಬೆಮಾರ್ಲ್ ಬೀದಿಯಲ್ಲಿ 1799ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆ ಹುಟ್ಟಿತು. ಹೊಸ ಯಂತ್ರಗಳ ತಿಳಿವಳಿಕೆಯನ್ನೂ ವಿಜ್ಞಾನವನ್ನೂ ಉಪನ್ಯಾಸ ಮತ್ತು ಪ್ರಯೋಗಗಳ ಮೂಲಕ ಹರಡುವುದು ಅದರ ಉದ್ದೇಶ. ಅಲ್ಲಿನ ಉಪನ್ಯಾಸ ಮಂದಿರದ ನಕ್ಷೆ ಹಾಕಿದವನು ಥಾಮಸ್ ವೆಬ್‌ಸ್ಟರ್. ಕಮ್ಮಾರರು, ಬಡಗಿಗಳು, ಯಂತ್ರ ಕೆಲಸದವರು ಬಂದು ಕೇಳಬೇಕೆಂಬುದು ಅವನ ಆಸೆ. ಧಣಿಯ ಪಕ್ಕದಲ್ಲಿ ಕೂರಲು ಕೆಲಸಗಾರನಿಗೆ ಸಂಕೋಚವಾದೀತೆಂದು ಮೇಲೆ ಒಂದು ಗ್ಯಾಲರಿ ಇಟ್ಟ. ಬೀದಿಯಿಂದಲೇ ಅದಕ್ಕೆ ಹತ್ತಿಹೋಗಲು ಬೇರೆಯಾಗಿ ಒಂದು ಕಲ್ಲಿನ ಮೆಟ್ಟಿಲು ಕಟ್ಟಿಸಿದ.

ಆ ಮೆಟ್ಟಿಲು ಬಹಳ ಕಾಲ ಉಳಿಯಲಿಲ್ಲ. ಫ್ರಾನ್ಸಿನಲ್ಲಿ 1789ರ ಕ್ರಾಂತಿ ನಡೆದು ಇನ್ನೂ ಹತ್ತು ಹನ್ನೆರಡು ವರ್ಷವಷ್ಟೇ ಆಗಿತ್ತು. ಕೆಳವರ್ಗದವರಿಗೆ ವಿಜ್ಞಾನ ಕಲಿಸುವುದು ಎಂದರೇನು, ಇದು ರಾಜಕೀಯವಾಗಿ ಅಪಾಯದ ಕೆಲಸ ಎಂದು ದೊಡ್ಡವರು ವೆಬ್‌ಸ್ಟರನನ್ನು ಗದರಿಸಿದರಂತೆ. ಸದ್ದಿಲ್ಲದೆ ಯೋಜನೆ ಕೈಬಿಟ್ಟರು, ಮೆಟ್ಟಿಲನ್ನೂ ಕಿತ್ತುಹಾಕಿಸಿದರು. ನೋಡಿ, ಯಾರೂ ಒಂದು ಕಲ್ಲು ಎಸೆದಿರಲಿಲ್ಲ, ಮುಷ್ಕರ ಹೂಡಿರಲಿಲ್ಲ. ಕೆಲಸಗಾರ ಬಂದು ಕೂತು ಕೇಳಿಯಾನು ಎಂಬುದಕ್ಕೇ ಅಷ್ಟು ಭಯ!

ಆಮೇಲೆ ಮಂದಿರ ತುಂಬಿದ್ದು ಶ್ರೀಮಂತರಿಂದ. ಹಂಫ್ರಿ ಡೇವಿ ಎಂಬ ರಸಾಯನ ವಿಜ್ಞಾನಿ ಮಾತಿನಲ್ಲಿಯೂ ಪ್ರಯೋಗದಲ್ಲಿಯೂ ಬಲು ಚತುರ. ಅವನ ಉಪನ್ಯಾಸದ ದಿನ ಸಾರೋಟುಗಳ ನೂಕುನುಗ್ಗಲು ತಾಳಲಾರದೆ ಆ ಬೀದಿಯಲ್ಲಿ ಏಕಮುಖ ಸಂಚಾರ ಮಾಡಬೇಕಾಯಿತೆಂದು ಹೇಳುತ್ತಾರೆ. ಕೇಳಲು ಬರುತ್ತಿದ್ದವರಲ್ಲಿ ಜೇನ್ ಮಾರ್ಸೆಟ್ ಎಂಬ ಹೆಂಗಸು ಇದ್ದಳು. ಕೇಳಿದ್ದು ಚೆನ್ನಾಗಿ ಮನಸ್ಸಿಗೆ ಹತ್ತಬೇಕಾದರೆ ಮಾತುಕತೆಯ ರೂಪದಲ್ಲಿ ತಿಳಿಯಬೇಕೆಂದು ಕಂಡುಕೊಂಡ ಆಕೆ, ರಸಾಯನಶಾಸ್ತ್ರವನ್ನು ಸಂಭಾಷಣೆಯಾಗಿ ಬರೆದು 1806ರಲ್ಲಿ ಪುಸ್ತಕ ತಂದಳು. ಆ ಪುಸ್ತಕ ರಟ್ಟು ಕಟ್ಟುವ ಅಂಗಡಿಯೊಂದರಲ್ಲಿ ಒಬ್ಬ ಹುಡುಗನ ಕೈಗೆ ಸಿಕ್ಕಿತು.

ಹುಡುಗನ ಹೆಸರು ಮೈಕೆಲ್ ಫ್ಯಾರಡೆ. 1791ರಲ್ಲಿ ಹುಟ್ಟಿದವನು. ತಂದೆ ಕಮ್ಮಾರ, ಅದರಲ್ಲೂ ಕಾಯಿಲೆಯವನು. ಮನೆಯಲ್ಲಿ ಕಷ್ಟ ಬಂದಾಗ ಹುಡುಗನ ಪಾಲಿಗೆ ವಾರಕ್ಕೊಂದು ರೊಟ್ಟಿ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಓದು ಬರಹ ಕಲಿತದ್ದಷ್ಟೇ ಶಾಲೆಯ ವಿದ್ಯೆ. ಹದಿನಾಲ್ಕನೆಯ ವಯಸ್ಸಿಗೆ ರಟ್ಟಿನ ಕೆಲಸ ಕಲಿಯಲು ಸೇರಿದ. ಹಗಲು ಪುಸ್ತಕ ಹೊಲಿದ. ಬಿಡುವಿನಲ್ಲಿ ಹೊಲಿದದ್ದನ್ನೇ ಓದಿದ.

1810ರಲ್ಲಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಒಂದು ಕರಪತ್ರ ಅವನ ಕಣ್ಣಿಗೆ ಬಿತ್ತು. ಟಾಟಮ್ ಎಂಬವರ ಮನೆಯಲ್ಲಿ ವಿಜ್ಞಾನದ ಉಪನ್ಯಾಸ. ಪ್ರವೇಶಕ್ಕೆ ಒಂದು ಶಿಲ್ಲಿಂಗು. ರಾತ್ರಿ ಎಂಟು ಗಂಟೆಗೆ. ಈ ಎಂಟು ಗಂಟೆ ಎಂಬುದನ್ನು ಗಮನದಲ್ಲಿಡಿ, ಆ ಮಾತಿಗೆ ಮತ್ತೆ ಬರುತ್ತೇನೆ. ಹುಡುಗನ ಹತ್ತಿರ ಶಿಲ್ಲಿಂಗು ಎಲ್ಲಿಂದ ಬರಬೇಕು? ಅಣ್ಣ ರಾಬರ್ಟ್, ಕಮ್ಮಾರಿಕೆ ಮಾಡುತ್ತಿದ್ದವನು, ತನ್ನ ದುಡಿಮೆಯಿಂದ ಕೊಟ್ಟ. ಚರಿತ್ರೆಯ ಪುಸ್ತಕಗಳಲ್ಲಿ ತಮ್ಮನಿಗೆ ಅಧ್ಯಾಯಗಳಿವೆ, ಅಣ್ಣನಿಗೆ ಒಂದು ಸಾಲು. ನನಗಂತೂ ಆ ಅಣ್ಣನನ್ನು ಕಂಡರೆ ಬಹಳ ಗೌರವ.

1812ರಲ್ಲಿ ರಟ್ಟಿನಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಡೇವಿಯ ನಾಲ್ಕು ಉಪನ್ಯಾಸಗಳಿಗೆ ಚೀಟಿ ಕೊಡಿಸಿದರು. ಫ್ಯಾರಡೆ ಹೋಗಿ ಕೂತದ್ದು ಎಲ್ಲಿ ಗೊತ್ತೇ? ಮೇಲಿನ ಗ್ಯಾಲರಿಯಲ್ಲಿ, ಗಡಿಯಾರದ ನೇರಕ್ಕೆ. ಯಾರಿಗಾಗಿ ಮೊದಲು ಮೆಟ್ಟಿಲು ಕಟ್ಟಿ ಆಮೇಲೆ ಕಿತ್ತುಹಾಕಿದರೋ, ಅಂಥ ಒಬ್ಬ ಕೆಲಸಗಾರ ಮತ್ತೊಬ್ಬರ ದಯೆಯ ಚೀಟಿಯಿಂದ ಅಲ್ಲಿಗೇ ಹತ್ತಿದ. ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಸಹಿತ ಪ್ರತಿ ಮಾಡಿ, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಅಲ್ಲಿದ್ದ ಸಹಾಯಕನೊಬ್ಬ ಹೊಡೆದಾಟ ಮಾಡಿ ಕೆಲಸ ಕಳೆದುಕೊಂಡ ಮೇಲೆ, 1813ರ ಮಾರ್ಚಿಯಲ್ಲಿ ಆ ಜಾಗ ಫ್ಯಾರಡೆಗೆ ಸಿಕ್ಕಿತು. ವಾರಕ್ಕೆ 25 ಶಿಲ್ಲಿಂಗು, ಅಟ್ಟದ ಮೇಲೆ ಎರಡು ಕೋಣೆ, ಜೊತೆಗೆ ಸೌದೆ ದೀಪದ ಖರ್ಚು.

ಮುಂದಿನದು ತಮಗೆ ದಿನವೂ ಕಾಣುವ ಸಂಗತಿ. ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1831ರಲ್ಲಿ ತೋರಿಸಿದವನು ಅದೇ ಫ್ಯಾರಡೆ. ಜೋಗದ ವಿದ್ಯುದಾಗಾರದಲ್ಲಿ ತಿರುಗುವ ಜನರೇಟರು ಅದೇ ತತ್ವದ ಮೇಲೆ ತಿರುಗುತ್ತಿದೆ. ವಿದ್ಯುತ್ತಿನಿಂದ ಚಲನೆ ಪಡೆಯುವ ಬಗೆಯನ್ನು 1821ರಲ್ಲೇ ತೋರಿಸಿದ್ದ. ರಿಂಗ್ ಫ್ರೇಮಿನ ಮೋಟಾರಿಗೆ ಅದೇ ಮೂಲ. ಆ ನಾಲ್ಕು ಚೀಟಿ ಸಿಗದೆ ಹೋಗಿದ್ದರೆ ಬೇರೆ ಯಾರಾದರೂ ಕಂಡುಹಿಡಿಯುತ್ತಿದ್ದರೇನೋ. ಆದರೆ ಫ್ಯಾರಡೆ ಎಂಬ ರಟ್ಟಿನ ಕೆಲಸದವನು ಬಹುಶಃ ರಟ್ಟಿನ ಕೆಲಸದವನಾಗಿಯೇ ಸಾಯುತ್ತಿದ್ದ. ಹಾಗೆ ಸತ್ತವರು ಎಷ್ಟು ಮಂದಿಯೋ, ಲೆಕ್ಕ ಇಟ್ಟವರಿಲ್ಲ.

ಮೇಲೆ ಹತ್ತಿದ ಮೇಲೆ ಅವನು ಕೆಳಗಿನವರನ್ನು ಮರೆಯಲಿಲ್ಲ ಎಂಬುದೇ ಸಂತೋಷ. ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಬೆಳೆಸಿದ. 1825ರಲ್ಲಿ ಹುಡುಗರಿಗಾಗಿ ಆರಂಭವಾದ ಕ್ರಿಸ್ಮಸ್ ಉಪನ್ಯಾಸಗಳನ್ನು ತಾನೇ 19 ಸಲ ಮಾಡಿದ. ಎರಡನೆಯ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಅವು ಇಂದಿಗೂ ನಡೆದುಬಂದಿವೆ, ಈಗ ದೂರದರ್ಶನದಲ್ಲಿಯೂ ಬರುತ್ತವೆ. ಶುಕ್ರವಾರದ ಸಭೆ ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮೀಸಲಾಗಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಬಡವರಿಗೆ ಅಲ್ಲಿ ಜಾಗ ಇರಲಿಲ್ಲ.

ಅವನು ಹೇಳಿದ್ದೇನು? ಒಂದು ಮೇಣದ ಬತ್ತಿ! 1848ರಲ್ಲೂ 1860ರಲ್ಲೂ ಬರೀ ಮೇಣದ ಬತ್ತಿಯ ಮೇಲೆಯೇ ಆರಾರು ಉಪನ್ಯಾಸ. ಇಂದು ರಾತ್ರಿ ಕರೆಂಟು ಹೋದರೆ ತಾವೂ ಮಾಡಿ ನೋಡಿ. ಉರಿಯುವುದು ಮೇಣವಲ್ಲ. ಮೇಣ ಕರಗುತ್ತದೆ, ಒಳಗಿನ ಹತ್ತಿಯ ನೂಲು ಅದನ್ನು ಮೇಲಕ್ಕೆ ಹೀರುತ್ತದೆ (ನೂಲಿನ ಈ ಗುಣ ತಮಗೆ ನಾನು ಹೇಳಬೇಕಾಗಿಲ್ಲ), ಅಲ್ಲಿ ಅದು ಆವಿಯಾಗುತ್ತದೆ; ಉರಿಯುವುದು ಆ ಆವಿ. ದೀಪ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ ಒಂದೆರಡು ಅಂಗುಲ ಮೇಲೆಯೇ ಕಡ್ಡಿ ಹಿಡಿಯಿರಿ, ಬೆಂಕಿ ಹೊಗೆಯ ದಾರಿಯಲ್ಲಿ ಇಳಿದು ಬತ್ತಿಯನ್ನು ಹೊತ್ತಿಸುತ್ತದೆ. ಜ್ವಾಲೆಯ ಮೇಲೆ ತಣ್ಣನೆಯ ಬಟ್ಟಲು ಹಿಡಿಯಿರಿ, ಬಟ್ಟಲಿನ ತಳ ಬೆವರುತ್ತದೆ: ಬೆಂಕಿಯಿಂದ ನೀರು. ಕಡೆಗೆ ಅವನು ಇಳಿಯುವುದು ಮನುಷ್ಯನ ಉಸಿರಿಗೆ. ಬತ್ತಿ ಉರಿದು ಹೊರಬಿಡುವ ಇಂಗಾಲದ ಅನಿಲವನ್ನೇ ನಾವೂ ಉಸಿರಿನಲ್ಲಿ ಬಿಡುತ್ತೇವೆ. ಅನ್ನವೇ ನಮಗೆ ಮೇಣ. ಇದನ್ನು ತಿಳಿಯಲು ಯಾವ ಪದವಿ ಬೇಕು ಹೇಳಿ?

ನಮ್ಮ ದೇಶದಲ್ಲಿಯೂ ಈ ಮಾದರಿ ನೋಡಿ ಕಟ್ಟಿದವರುಂಟು. ಕಲ್ಕತ್ತೆಯಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಚಂದಾ ಎತ್ತಿ, 1876ರಲ್ಲಿ ವಿಜ್ಞಾನ ಪ್ರಸಾರದ ಸಂಘವೊಂದನ್ನು ಬೌಬಜಾರ್ ಬೀದಿಯಲ್ಲಿ ತೆರೆದರು. ಅಲ್ಲಿಯೂ ಸಾರ್ವಜನಿಕ ಉಪನ್ಯಾಸವೇ ಮೊದಲ ಕಸುಬು. ಸರ್ಕಾರ್ 1904ರಲ್ಲಿ ತೀರಿಕೊಂಡರು. 1907ರಲ್ಲಿ ಲೆಕ್ಕಪತ್ರ ಇಲಾಖೆಯ ಕೆಲಸಕ್ಕೆ ಕಲ್ಕತ್ತೆಗೆ ಬಂದ 18 ವರ್ಷದ ಸಿ.ವಿ. ರಾಮನ್ ಟ್ರಾಮಿನಿಂದ ಆ ಬೋರ್ಡು ಕಂಡು ಒಳಗೆ ಹೋದರು. ಕಚೇರಿಗೆ ಮುಂಚೆ, ಕಚೇರಿಯ ನಂತರ ಅಲ್ಲೇ ದುಡಿದರು. ಬಾಗಿಲು ಕಚೇರಿ ವೇಳೆಗೆ ಮಾತ್ರ ತೆರೆದಿದ್ದರೆ? 1928ರಲ್ಲಿ ಅವರ ಹೆಸರಿನ ಪರಿಣಾಮ ಸಿಕ್ಕಿದ್ದು ಅದೇ ಕಟ್ಟಡದಲ್ಲಿ, ನೊಬೆಲ್ ಬಹುಮಾನ ಬಂದದ್ದು 1930ರಲ್ಲಿ.

ರಾಮನ್ ಅವರು ನಮ್ಮ ಮೃದಂಗ ತಬಲಗಳ ಮೇಲೆಯೂ ಸಂಶೋಧನೆ ಮಾಡಿದ್ದಾರೆ ಎಂದರೆ ನಮ್ಮ ಭಜನೆ ಮೇಳದವರಿಗೆ ಆಶ್ಚರ್ಯವಾದೀತು. ಬಿಗಿದ ಬರಿಯ ಚರ್ಮಕ್ಕೆ ಹೊಡೆದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ತಮಟೆಯಲ್ಲಿ ಶ್ರುತಿ ಹಿಡಿಯಲಾಗದು. ಮೃದಂಗದ ಬಲಮುಖದ ನಡುವೆ ಕಪ್ಪು ಕರಣೆ ಮೆತ್ತಿದರೆ ಆ ಸ್ವರಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಲೆಕ್ಕಕ್ಕೆ ಬಂದು, ತಂತಿ ವಾದ್ಯದಂತೆ ಹೊಂದಿಕೊಳ್ಳುತ್ತವೆ. 1920ರಲ್ಲಿ ಒಬ್ಬ ಸಹೋದ್ಯೋಗಿಯ ಜೊತೆ ಇದನ್ನು ಪ್ರಕಟಿಸಿದರು. 1934ರಲ್ಲಿ ಬೆಂಗಳೂರಿನಿಂದ ಇನ್ನಷ್ಟು ವಿವರವಾಗಿ ಬರೆದರು, ಚರ್ಮದ ಮೇಲೆ ನುಣ್ಣನೆ ಮರಳು ಉದುರಿಸಿ ಅದು ಕಟ್ಟುವ ಗೆರೆಗಳನ್ನೂ ತೋರಿಸಿದರು. ಕರಣೆ ಮೆತ್ತುವ ಕುಶಲಕರ್ಮಿ ಶತಮಾನಗಳಿಂದ ಕಿವಿಯಲ್ಲಿ ಬಲ್ಲದ್ದನ್ನು ವಿಜ್ಞಾನಿ ಕಾಗದಕ್ಕೆ ಇಳಿಸಿದ. ಸಂಸ್ಥೆಗಳ ಸಾಂಸ್ಕೃತಿಕ ಸಂಜೆಗಳಲ್ಲಿ ಮೃದಂಗ ನುಡಿಸುತ್ತಾರೆ, ಸಂತೋಷ. ಜೊತೆಗೆ ಕರಣೆ ಮೆತ್ತುವವನನ್ನೂ ಕರೆದು, ವಿಜ್ಞಾನಿಯ ಪಕ್ಕದಲ್ಲಿ ಕೂರಿಸಿ, ಇಬ್ಬರಿಂದಲೂ ಮಾತನಾಡಿಸಿದರೆ ನಾನು ಆ ಸಭೆಗೆ ರೈಲು ಚಾರ್ಜು ಕೊಟ್ಟು ಹೋಗುತ್ತೇನೆ.

ರಾಮನ್ ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ಗಾಂಧಿ ಜಯಂತಿಯ ದಿನ ಸಾರ್ವಜನಿಕ ಉಪನ್ಯಾಸ ಮಾಡುವ ಪದ್ಧತಿ ಇಟ್ಟುಕೊಂಡಿದ್ದರು. 1970ರ ಅಕ್ಟೋಬರ್ 2ರಂದು ಕಿವಿ ಹೇಗೆ ಕೇಳುತ್ತದೆ ಎಂದು ಹೇಳಿದ್ದೇ ಕಡೆಯದು. ನವೆಂಬರ್ 21ರಂದು ತೀರಿಕೊಂಡರು.

ಇಂದಿನ ಸ್ಥಿತಿ ನೋಡೋಣ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರ ಕಾಲದಿಂದ ಕೂಡಿಸಿದ ಚಿತ್ರಗಳಿವೆ, ಎಂ.ಎಫ್. ಹುಸೇನರ ದೊಡ್ಡ ಭಿತ್ತಿಚಿತ್ರವೂ ಇದೆ. ಆದರೆ ಎಲ್ಲವೂ ಕಾವಲಿನ ಬಾಗಿಲ ಒಳಗೆ. ಅದೇ ಸಂಸ್ಥೆಯವರು 2009ರಿಂದ 'ಚಾಯ್ ಅಂಡ್ ವೈ' ಎಂದು ಹೆಸರಿಟ್ಟು, ಜುಹುವಿನ ನಾಟಕಶಾಲೆಗೆ ತಾವೇ ಬಂದು, ಭಾನುವಾರ ಬೆಳಿಗ್ಗೆ ಜನರೊಡನೆ ವಿಜ್ಞಾನ ಮಾತನಾಡುತ್ತಾರೆ. ಇದು ಮೆಟ್ಟಿಲನ್ನು ಬೀದಿಗೆ ಇಳಿಸುವ ಕೆಲಸ, ಮೆಚ್ಚಬೇಕು. ಬೆಂಗಳೂರಿನಲ್ಲಿಯೂ ತಾರಾಲಯದಲ್ಲಿ ಅಂಥ ಭಾನುವಾರದ ಸಭೆಗಳು ನಡೆದಿವೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಆರಂಭವಾದದ್ದು ಮೈಸೂರು ಸಂಸ್ಥಾನ ಕೊಟ್ಟ ಸುಮಾರು 371 ಎಕರೆ ನೆಲದ ಮೇಲೆ. ವರ್ಷಕ್ಕೊಂದು ದಿನ ಅವರು ಎಲ್ಲ ಪ್ರಯೋಗಶಾಲೆಗಳನ್ನೂ ಜನಕ್ಕೆ ತೆರೆದಿಡುತ್ತಾರೆ, ಟಿಕೆಟ್ಟಿಲ್ಲ. ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚಿಯ ಒಂದು ಶನಿವಾರ. ಉಳಿದ ದಿನಗಳ ಉಪನ್ಯಾಸವೆಂದರೆ ಹೆಚ್ಚಿನ ಸಂಸ್ಥೆಗಳಲ್ಲಿ ಕೆಲಸದ ದಿನ, ಸಂಜೆ ನಾಲ್ಕು ಗಂಟೆ, ಇಂಗ್ಲಿಷ್ ಭಾಷೆ. 'ಎಲ್ಲರಿಗೂ ಸ್ವಾಗತ' ಎಂದು ಬರೆದಿರುತ್ತದೆ. ನಾಲ್ಕು ಗಂಟೆಗೆ ಯಾರು ಬರಬಲ್ಲರು? ಮೊದಲ ಪಾಳಿಯವನು ಮನೆ ಸೇರಿ ಊಟಕ್ಕೆ ಕೂತಿರುತ್ತಾನೆ, ಎರಡನೆಯ ಪಾಳಿಯವನು ಯಂತ್ರದ ಮುಂದಿರುತ್ತಾನೆ. ಕಿರಾಣಿ ಅಂಗಡಿಯವರಿಗೆ ವ್ಯಾಪಾರ ಕುದುರುವ ಹೊತ್ತು. ಫ್ಯಾರಡೆಯನ್ನು ಕರೆದ ಟಾಟಮ್ ಎಂಟು ಗಂಟೆ ಎಂದು ಸುಮ್ಮನೆ ಇಟ್ಟಿರಲಿಲ್ಲ!

ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎನ್ನುವವರಿಗೆ ಒಂದೇ ಮಾತು: ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಸೇರಿ 1918ರ ಸುಮಾರಿಗೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ನೂರು ವರ್ಷ ದಾಟಿತು. ಅಂದು ಆದದ್ದು ಇಂದು ಆಗದೇ?

ಉಪನ್ಯಾಸ ಕೇಳಿದರೆ ಕೂಲಿ ಏರುತ್ತದೆಯೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಇಲ್ಲ, ಏರುವುದಿಲ್ಲ. ಕೂಲಿಗೆ ಸಂಘವಿದೆ. ಆದರೆ ತಮ್ಮ ಮನೆಯಲ್ಲಿ ರೇಡಿಯೋ ಬಿಚ್ಚಿ ಹರಡಿಕೊಂಡು ಬೈಸಿಕೊಳ್ಳುವ ಹುಡುಗನೋ ಹುಡುಗಿಯೋ ಇದ್ದರೆ, ಆ ಮಗುವಿಗೆ ಮೇಲಿನ ಗ್ಯಾಲರಿ ತೋರಿಸುವ ಅಣ್ಣ ಯಾರಾಗಬೇಕು ಎಂದಷ್ಟೇ ನನ್ನ ಪ್ರಶ್ನೆ.

ಆದ್ದರಿಂದ ಎರಡು ಕೆಲಸ. ಬೆಂಗಳೂರಿನ ಸಂಸ್ಥೆಗಳಿಗೆ ವಾಚನಾಲಯದಿಂದ ಅರ್ಜಿ ಹೋಗಬೇಕು: ವರ್ಷಕ್ಕೆ ನಾಲ್ಕು ಸಲವಾದರೂ ಜಿಲ್ಲೆಯ ಊರುಗಳಿಗೆ ಬಂದು, ಭಾನುವಾರ, ಕನ್ನಡದಲ್ಲಿ, ಪ್ರಯೋಗ ಸಹಿತ ಉಪನ್ಯಾಸ ಮಾಡಿ ಎಂದು. ಕರಡು ಮೇಜಿನ ಮೇಲಿದೆ, ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ. ಎರಡನೆಯದು, ಮುಂದಿನ ತೆರೆದ ದಿನಕ್ಕೆ ಇಲ್ಲಿಂದ ಒಂದು ತಂಡ ಹೋಗಬೇಕು. ಆ ಶನಿವಾರ ಪಾಳಿ ಬದಲಿಸಿಕೊಳ್ಳಲು ಜಾಬರುಗಳ ಜೊತೆ ಈಗಲೇ ಮಾತಾಡಿಕೊಳ್ಳಿ. ರಾತ್ರಿ ರೈಲಿಗೆ ಹೋಗಿ ಮರುದಿನ ರಾತ್ರಿ ಹೊರಟರೆ ಭಾನುವಾರ ಮನೆಯಲ್ಲಿರಬಹುದು. ಹುಡುಗಿಯರನ್ನೂ ಕಳಿಸಿ, ಜೊತೆಗೆ ಬರಲು ನಮ್ಮ ಶಾಲೆಯ ಇಬ್ಬರು ಅಮ್ಮಂದಿರು ಒಪ್ಪಿದ್ದಾರೆ. ಒಂದು ಹೊತ್ತಿನ ಬುತ್ತಿ, ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು ತರಬೇಕು. ಹೆಸರು ಬರೆದುಕೊಳ್ಳುವ ಪುಸ್ತಕ ಗ್ರಂಥಪಾಲಕರ ಹತ್ತಿರ ಇದೆ. ಚಾರ್ಜು ಕಟ್ಟಲು ಆಗದವರು ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರೆ ಸಾಕು, ಯಾರೂ ಏನೂ ಕೇಳುವುದಿಲ್ಲ.