ಉಚ್ಚಾರದ ಪಾಠವೂ ಇಬ್ಬರ ನಗೆಯೂ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂದಿನ ಮನರಂಜನೆಯ ಕಾರ್ಯಕ್ರಮದಲ್ಲಿ ಒಂಬತ್ತನೆಯ ಇಯತ್ತೆಯ ಇಬ್ಬರು ಬಾಲಕರು ಒಂದು ವಿನೋದದ ಹಾಡನ್ನು ಆಡಿ ತೋರಿಸುವವರಿದ್ದಾರೆ. ಅದರಲ್ಲಿ ಒಬ್ಬನು ಉಚ್ಚಾರ ಕಲಿಸುವ ಗುರು, ಇನ್ನೊಬ್ಬನು ಎಷ್ಟು ಕಲಿಸಿದರೂ ನಾಲಿಗೆ ಹೊರಳದ ಶಿಷ್ಯ. ಇದರ ತಾಲೀಮನ್ನು ನೋಡಿದ ಇಬ್ಬರು ಪಾಲಕರು, ಗುರುಗಳನ್ನು ಹೀಗೆ ಗೇಲಿ ಮಾಡುವದು ಶಾಲೆಗೆ ಶೋಭಿಸುವದೇ ಎಂದು ನನ್ನನ್ನು ಕೇಳಿದರು. ಅವರ ಪ್ರಶ್ನೆ ಯೋಗ್ಯವಾದದ್ದು. ಅದಕ್ಕೆ ಉತ್ತರವಾಗಿ ನಾಲ್ಕು ಮಾತುಗಳನ್ನಾಡುವೆನು.

ಈ ಬಾಲಕರಿಗೆ ಈ ಕಲ್ಪನೆ ಹೊಳೆದದ್ದು ಒಂದು ಅಮೇರಿಕನ್ ಚಿತ್ರಪಟದಿಂದ. ಹೆಸರು ‘ಸಿಂಗಿಂಗ್ ಇನ್ ದ ರೇನ್’, 1952ರಲ್ಲಿ ತೆರೆಕಂಡದ್ದು. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೊನೆನ್ ಎಂಬವರು ಅದರ ದಿಗ್ದರ್ಶಕರು. ಕಥೆ ನಡೆಯುವದು 1927ರ ಸುಮಾರಿಗೆ, ಮೂಕಪಟಗಳು ಹೋಗಿ ಮಾತಿನ ಪಟಗಳು ಬಂದ ಸಂಧಿಕಾಲದಲ್ಲಿ. ಅಲ್ಲಿಯವರೆಗೆ ಮುಖವನ್ನು ತೋರಿಸಿಯೇ ಕೀರ್ತಿ ಗಳಿಸಿದ್ದ ನಟರು ಒಮ್ಮೆಲೇ ಬಾಯಿ ತೆರೆಯಬೇಕಾಯಿತು. ಉಚ್ಚಾರ ಕಲಿಸುವ ಗುರುಗಳಿಗೆ ಸುಗ್ಗಿ ಬಂದಿತು.

ಪ್ರಸಿದ್ಧ ನಟನೊಬ್ಬ ಅಂಥ ಗುರುವಿನ ಮುಂದೆ ಪಾಠಕ್ಕೆ ಕುಳಿತಿದ್ದಾನೆ. ಆ ಪಾತ್ರ ಸ್ವತಃ ಕೆಲ್ಲಿಯವರದು. ಡೊನಾಲ್ಡ್ ಓಕಾನರ್ ಅಭಿನಯಿಸಿದ ಗೆಳೆಯನು ಬಂದು ಗುರುವಿನ ಬೆನ್ನ ಹಿಂದೆ ನಿಂತು ಮುಖ ಓರೆ ಮಾಡತೊಡಗುತ್ತಾನೆ. ಗುರು ಗಂಭೀರವಾಗಿ ಒಂದು ನಾಲಿಗೆ ತೊಡರಿನ ವಾಕ್ಯವನ್ನು ಓದುತ್ತಾನೆ. ನಮ್ಮಲ್ಲಿ ತರೀಕೆರೆಯ ಏರಿ, ಕರಿಯ ಕುರಿಮರಿ ಎಂದು ಮಕ್ಕಳು ತಡವರಿಸುವದಿಲ್ಲವೇ, ಅದೇ ಜಾತಿಯದು. ಗೆಳೆಯರಿಬ್ಬರೂ ಅದನ್ನೇ ಹಿಡಿದು ಹಾಡು ಮಾಡಿ, ಕುರ್ಚಿ ಮೇಜುಗಳನ್ನು ಏರಿ, ಪಾದರಕ್ಷೆಗಳ ತಾಳಕ್ಕೆ ಕುಣಿದು, ಕೊನೆಗೆ ಕೋಣೆಯಲ್ಲಿದ್ದ ಸಾಮಾನುಗಳನ್ನೆಲ್ಲ ಗುರುವಿನ ಮೇಲೆಯೇ ಹೇರಿಬಿಡುತ್ತಾರೆ. ‘ಮೋಸೆಸ್ ಸಪೋಸಸ್’ ಎಂದು ಆ ಹಾಡಿನ ಹೆಸರು. ಚಿತ್ರದ ಬಹುಪಾಲು ಹಾಡುಗಳು ಹಳೆಯವು. ಇದನ್ನಾದರೋ ಆ ಚಿತ್ರಕ್ಕೆಂದೇ ಹೊಸದಾಗಿ ಕಟ್ಟಿದರು. ಸಂಗೀತ ರೋಜರ್ ಎಡೆನ್ಸರದು.

ನಾನು ಬಹಳ ನಕ್ಕೆನು; ಇಪ್ಪತ್ತು ವರ್ಷ ಪಾಠ ಹೇಳಿದವನಾದ್ದರಿಂದ ನಡುನಡುವೆ ನನ್ನ ಕುರ್ಚಿಯನ್ನೂ ನೋಡಿಕೊಂಡೆನು.

ಈ ಬಗೆಯ ಜೋಡಿ ನಮಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಕುಲಗೋಡದ ತಮ್ಮಣ್ಣನವರಿಂದ ರೂಪಗೊಂಡು ನಾಡೆಲ್ಲ ಹಬ್ಬಿದ ಶ್ರೀಕೃಷ್ಣ ಪಾರಿಜಾತವನ್ನು ಇಲ್ಲಿರುವ ಹಿರಿಯರು ಬಲ್ಲರು. ಅಲ್ಲಿ ಭಾಗವತನೆಂದರೆ ಎಲ್ಲವನ್ನೂ ಅರಿತವನು. ಆದರೂ ರಂಗಕ್ಕೆ ಬಂದ ಪಾತ್ರದ ಮುಂದೆ ಏನೂ ತಿಳಿಯದವನಂತೆ ನಿಂತು, ನೀನಾರು, ಎಲ್ಲಿಂದ ಬಂದೆ ಎಂದು ಕೇಳುತ್ತಾನೆ. ದೂತಿ ಅವನ ಮಾತನ್ನು ತಿರುವಿಹಾಕುತ್ತಾಳೆ, ಅವನು ಇನ್ನಷ್ಟು ಪೆದ್ದನಾಗುತ್ತಾನೆ, ಜನರು ನಗುತ್ತಾರೆ. ನನ್ನ ಅಜ್ಜನವರು, ಭಾಗವತನು ಜಾಣನಿದ್ದಷ್ಟೂ ಚೆನ್ನಾಗಿ ಪೆದ್ದನಾಗುತ್ತಾನೆ ಎನ್ನುತ್ತಿದ್ದರು. ಬಲ್ಲವನು ನಗೆಯನ್ನು ತನ್ನ ಮೇಲೆ ತಾನೇ ಎಳೆದುಕೊಳ್ಳುವ ಈ ಆಟದಲ್ಲಿ ಅವನ ಮಾನಕ್ಕೆ ಕುಂದು ಬಂದುದನ್ನು ನಾನು ಕಂಡಿಲ್ಲ.

ಆದರೆ ಅದೇ ಅಮೇರಿಕನ್ ಚಿತ್ರದಲ್ಲಿ ಇನ್ನೊಂದು ನಗೆಯಿದೆ, ಅದು ನನಗೆ ಸೇರಲಿಲ್ಲ. ಲೀನಾ ಎಂಬ ನಟಿಯ ದನಿ ಕೀರಲು, ಉಚ್ಚಾರ ಒರಟು. ಅವಳು ದುಷ್ಟಳೆಂಬುದು ನಿಜ. ಆದರೆ ಪ್ರೇಕ್ಷಕರನ್ನು ನಗಿಸುವದು ಅವಳ ದುಷ್ಟತನಕ್ಕಲ್ಲ, ಅವಳ ನಾಲಿಗೆಗೆ. ಕಥೆಯಲ್ಲಿ ಅವಳ ಮಾತುಗಳಿಗೆ ಇನ್ನೊಬ್ಬ ತರುಣಿ ತನ್ನ ಇಂಪಾದ ದನಿಯನ್ನು ಕೊಡುತ್ತಾಳೆ. ಚಿತ್ರೀಕರಣದಲ್ಲಿ ನಡೆದುದೇ ಬೇರೆ: ಆ ತರುಣಿಯ ಬಾಯಿಂದ ಬಂದಂತೆ ಕೇಳುವ ಸೊಗಸಾದ ಮಾತುಗಳು, ಲೀನಾಳ ಪಾತ್ರ ವಹಿಸಿದ ಜೀನ್ ಹೇಗನ್ ಅವರ ಸ್ವಂತ ದನಿ! ನಕ್ಕವರಿಗೆ ಇದು ಗೊತ್ತಿರಲಿಲ್ಲ.

ಇದನ್ನು ಇಷ್ಟು ಹೇಳಲು ಕಾರಣವಿದೆ. ನಮ್ಮ ಮನೆ ಭಾಷೆ ಕನ್ನಡ, ಬೀದಿಯ ಭಾಷೆ ಮರಾಠಿ. ಮರಾಠಿಯಲ್ಲಿ ಚಕಾರ ಜಕಾರಗಳಿಗೆ ಎರಡೆರಡು ಉಚ್ಚಾರ. ‘ಚಹಾ’ದ ಚಕಾರ ಬೇರೆ, ‘ಚಮಚಾ’ದ ಚಕಾರ ಬೇರೆ. ನಾನು ಹೆಚ್ಚಿನ ಅಭ್ಯಾಸಕ್ಕಾಗಿ ದೂರದ ಊರಿಗೆ ಹೋದ ಮೊದಲ ವಾರದಲ್ಲಿ, ಒಬ್ಬ ಅಧ್ಯಾಪಕರು ನನ್ನನ್ನು ಎಬ್ಬಿಸಿ ಓದಿಸಿದರು. ‘ಬಾಜಾರ’ ಎಂದು ಹಲ್ಲಿಗೆ ನಾಲಿಗೆ ತಾಗಿಸಿ ಅಂದೆನು. ಅವರು ಅದನ್ನು ಅಣಕಿಸಿ ಎರಡು ಸಲ ನನ್ನಿಂದ ಅನ್ನಿಸಿದರು, ವರ್ಗವೆಲ್ಲ ನಕ್ಕಿತು. ಆ ವರ್ಷ ನಾನು ತಾನಾಗಿ ಎದ್ದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಉಚ್ಚಾರವನ್ನು ತಿದ್ದಿದವನು ನನ್ನ ಕೋಣೆಯ ಗೆಳೆಯ, ವಿಜಯಪುರದ ಕಡೆಯವನು. ನಾನು ತಪ್ಪಿದಾಗ ಅವನು ನಗುತ್ತಿದ್ದನು, ಅವನ ಮುರುಕು ಮರಾಠಿಗೆ ನಾನು ನಗುತ್ತಿದ್ದೆನು. ಹೀಗೆ ಲೆಕ್ಕ ಚುಕ್ತಾ ಆಗುತ್ತಿತ್ತು.

ಕನ್ನಡದ ಮೊದಲನೆಯ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂದಿತು. ಅದು ತಯಾರಾದದ್ದು ಬೆಂಗಳೂರಿನಲ್ಲಿ ಅಲ್ಲ, ಮರಾಠಿ ನೆಲವಾದ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯಿಡು, ನಾಗೇಂದ್ರರಾಯರಂಥ ರಂಗಭೂಮಿಯ ನಟರೇ ಅದರಲ್ಲಿದ್ದುದರಿಂದ, ಬಾಯಿ ತೆರೆಯಲು ಅಂಜಬೇಕಾದ ಪ್ರಸಂಗವೇ ಬರಲಿಲ್ಲ. ನಮ್ಮ ಮಕ್ಕಳನ್ನು ರಂಗದ ಮೇಲೆ ಹತ್ತಿಸಬೇಕೆಂದು ನಾನು ಹಟ ಹಿಡಿಯುವದು ಇದಕ್ಕಾಗಿಯೇ.

ಆದ್ದರಿಂದ ಪ್ರಶ್ನೆ ಕೇಳಿದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಈ ಹಾಡಿನಲ್ಲಿ ನಗೆಗೀಡಾಗುವವನು ಶಿಷ್ಯನಲ್ಲ, ಗುರು. ತಾಲೀಮಿನಲ್ಲಿ ಶಿಷ್ಯನ ಹಳ್ಳಿಮಾತನ್ನು ಅಣಕಿಸುವ ಒಂದು ಸಾಲಿತ್ತು. ಅದನ್ನು ನಾನು ತೆಗೆಸಿದ್ದೇನೆ. ಗುರುವನ್ನು ಕುರಿತ ಸಾಲುಗಳೆಲ್ಲ ಹಾಗೆಯೇ ಇವೆ. ಆ ಪಾತ್ರಕ್ಕೆ ಒಂದು ಕನ್ನಡಕ ಬೇಕೆಂದು ಬಾಲಕರು ಕೇಳಲು ಬಂದಿದ್ದರು, ನನ್ನದನ್ನೇ ಕೊಟ್ಟಿದ್ದೇನೆ. ಆದಕಾರಣ ಕೈಯಲ್ಲಿರುವ ಈ ಕಾಗದದ ಉಳಿದ ಭಾಗ ನನಗೀಗ ಕಾಣಿಸುತ್ತಿಲ್ಲ. ಪರದೆಯನ್ನು ಸರಿಸಬಹುದು.